ಇಳಿಯುವಾಗ ಕೇಳಿದ ಬಡಿತ

ಓಶ್

ನಾನು ಪುಣೆಯಲ್ಲಿ ಸಾಸವಡ ರಸ್ತೆಗೆ ಗ್ಯಾರೇಜ್ ಇಟ್ಟುಕೊಂಡವನು. ಘಾಟು ಹತ್ತಿ ಇಳಿದು ಬರುವ ಗಾಡಿಗಳೇ ನನ್ನ ಅನ್ನ. ಗಾಡಿ ಗೇಟಿನೊಳಗೆ ಬರುವ ಮೊದಲೇ ಅದಕ್ಕೇನಾಗಿದೆ ಎಂದು ಸದ್ದಿನಲ್ಲೇ ಹೇಳುತ್ತೇನೆಂಬ ಹೆಸರು ನನಗಿದೆ. ಸುತ್ತಲಿನ ಮರಾಠಿ ಮಂದಿ ‘ಕಾನವಾಲೆ ಮಿಸ್ತ್ರಿ’, ಅಂದರೆ ಕಿವಿಯುಳ್ಳ ಮೇಸ್ತ್ರಿ, ಎನ್ನುತ್ತಾರೆ. ನನಗೂ ಆ ಹೆಸರಿನ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ. ನನ್ನ ಹೆಂಡತಿ ಶಕುಂತಲಾ ಮಾತ್ರ, “ಊರ ಸಪ್ಪಳ ಎಲ್ಲಾ ಕೇಳಸ್ತಾವ ಇವರಿಗೆ, ಮನ್ಯಾಗಿಂದೊಂದು ಕೇಳಸೂದಿಲ್ಲ” ಎಂದು ಬಂದವರ ಮುಂದೆಲ್ಲ ಮಾನ ಕಳೆಯುತ್ತಾಳೆ.

ವಿದೇಶ ಎಂದರೆ ನಮ್ಮ ಓಣಿಯವರಿಗೆ ದುಬೈ, ಬಹಳವಾದರೆ ಸಿಂಗಪುರ. ನಾವು ಹೋದದ್ದು ಕಿರ್ಗಿಸ್ತಾನಕ್ಕೆ. “ಅದೆಲ್ಲಿ ಬರ್ತದ್ರೀ?” ಎಂದು ಕೇಳಿದವರಿಗೆ ನಾನೂ ಕೈಯನ್ನು ಉತ್ತರದ ಕಡೆ ಬೀಸಿ ಬಿಡುತ್ತಿದ್ದೆ, ಅಷ್ಟೇ ಗೊತ್ತಿದ್ದದ್ದು. ಶಕುಂತಲಾಳ ಅಣ್ಣನ ಮಗಳು ಪ್ರಾಜಕ್ತಾ ಅಲ್ಲಿನ ಓಶ್ ಎಂಬ ಊರಿನಲ್ಲಿ ಡಾಕ್ಟರಿಕೆ ಓದುತ್ತಾಳೆ. ಮಹಾರಾಷ್ಟ್ರದ, ಕರ್ನಾಟಕದ ಎಷ್ಟೋ ಹುಡುಗ ಹುಡುಗಿಯರು ಅಲ್ಲಿದ್ದಾರೆ. ಇವಳದು ಹೆಸರು ಮರಾಠಿ, ಮನೆಮಾತು ಕನ್ನಡ, ಸಿಟ್ಟು ಬಂದರೆ ಹಿಂದಿ, ಈಗ ಮೇಲೆ ರಷ್ಯನ್ ಬೇರೆ. “ಅತ್ತಿ, ಮಾಮಾ, ನಾ ಇಲ್ಲಿ ಇರೂತನಕಾ ಒಮ್ಮೆ ಬಂದ ಹೋಗ್ರಿ. ಬೆಟ್ಟಾ ಅಂದ್ರ ಏನಂತ ತೋರಸ್ತೀನಿ” ಎಂದು ಎರಡು ವರ್ಷ ಗಂಟುಬಿದ್ದಿದ್ದಳು. ನಾವು ಹೋದೆವು.

ಬೆಟ್ಟಕ್ಕೆ ಕರೆದೊಯ್ಯಲು ಅವಳು ಗೊತ್ತುಮಾಡಿದ್ದ ಡ್ರೈವರನ ಹೆಸರು ಎರ್ಮೆಕ್. ನನ್ನ ವಯಸ್ಸಿನವನೇ, ತಲೆಯ ಮೇಲೆ ಬಿಳಿ ಉಣ್ಣೆಯ ಎತ್ತರದ ಟೋಪಿ. ಅವನ ಗಾಡಿ ಹಳೆಯ ಜಪಾನಿ ಜೀಪು, ಪ್ರಾಜಕ್ತಾಗಿಂತ ವಯಸ್ಸಿನಲ್ಲಿ ದೊಡ್ಡದು. ಆ ಒಂದು ಗಾಡಿಯ ಮೇಲೆ ಏಳು ಜನರ ಸಂಸಾರ ನಡೆಯುತ್ತದೆಂದು ಅವಳು ಮೊದಲೇ ಹೇಳಿದ್ದಳು. ನಾನು ಮೆಕ್ಯಾನಿಕ್ ಎಂದು ತಿಳಿದದ್ದೇ ತಡ, ಎರ್ಮೆಕ್ ಸಾಮಾನು ಏರಿಸುವುದನ್ನು ಅರ್ಧಕ್ಕೇ ಬಿಟ್ಟು ಬಾನೆಟ್ ಎತ್ತಿದ. ಒಳಗೆ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಎಲ್ಲಾ ಹಳೇ ಕಾಲದ್ದು. ಈಗಿನ ಗಾಡಿಗಳಲ್ಲಿ ಕಂಪ್ಯೂಟರೇ ಎಲ್ಲ ನೋಡಿಕೊಳ್ಳುತ್ತದೆ, ನಾವು ತಂತಿ ಚುಚ್ಚಿ ಪರದೆ ನೋಡುವುದಷ್ಟೇ. ಇದರಲ್ಲಿ ಕೈಗೆ ಕೆಲಸವಿತ್ತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರು ಗಂಡಸರು ಅರ್ಧ ಗಂಟೆ ಬೆರಳು ತೋರಿಸುತ್ತ, ಹ್ಞೂಂಗುಟ್ಟುತ್ತ ಸುಖವಾಗಿ ನಿಂತೆವು. ಶಕುಂತಲಾ ಹಣೆ ಚಚ್ಚಿಕೊಂಡಳು.

ಹೊರಡುವಾಗ ಎರ್ಮೆಕ್ ಎರಡೂ ಅಂಗೈಯನ್ನು ಮುಖದ ಮೇಲೆ ಇಳಿಸಿ ಏನೋ ಅಂದುಕೊಂಡ. ನಮ್ಮಲ್ಲಿ ನಿಂಬೆಹಣ್ಣು ಚಕ್ರದ ಕೆಳಗಿಡುತ್ತಾರೆ, ಅವರದು ಹೀಗೆ. ಘಾಟು ಎಲ್ಲಿದ್ದರೂ ಡ್ರೈವರುಗಳಿಗೆ ಒಂದು ಹೆದರಿಕೆ ಇದ್ದೇ ಇರುತ್ತದೆ.

ಅಲಾಯ್ ಕಣಿವೆ

ಮೊದಲು ಒಂದು ಸಣ್ಣ ಘಾಟು ಹತ್ತಿ ಇಳಿದು, ಗುಲ್ಚಾ ಎಂಬ ಊರು ದಾಟಿ, ಆಮೇಲೆ ದೊಡ್ಡ ಘಾಟು. ಹತ್ತುತ್ತ ಹೋದಂತೆ ಎಂಜಿನ್ನಿನ ಬಲ ಉಡುಗಿತು. ಎರ್ಮೆಕ್ ಗೇರು ಇಳಿಸುತ್ತಲೇ ಹೋದ. ಗಾಳಿ ತೆಳುವಾದರೆ ಎಂಜಿನ್ನಿಗೂ ಏದುಸಿರು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ನಮ್ಮ ಮಹಾಬಳೇಶ್ವರ ಈ ಬೆಟ್ಟದ ಮೊಣಕಾಲಿಗೂ ಬರುವುದಿಲ್ಲ.

ಮೇಲೆ ಕಣಿವೆ. ಒಂದು ಮರವಿಲ್ಲ. ನೆಲ ಚಾಪೆ ಹಾಸಿದಂತೆ ಸಪಾಟು, ಅದರ ಆಚೆ ಅಡ್ಡಕ್ಕೆ ಹಿಮದ ಗೋಡೆ. ನೋಡಲು ಚಂದ ಎನ್ನಬೇಕು, ಎಲ್ಲರೂ ಎನ್ನುತ್ತಾರೆ. ನನಗೆ ಅಲ್ಲಿ ಯಾರೋ ಈಗಷ್ಟೇ ಎದ್ದುಹೋದ ಕೋಣೆಗೆ ಬಂದಂತಾಯಿತು.

ಅಲ್ಲಿನ ಒಂದು ಹಳ್ಳಿಯಲ್ಲಿ ಪೆಟ್ರೋಲು. ಪಂಪಲ್ಲ, ಒಂದು ಮನೆಯ ಅಂಗಳ. ತಲೆಗೆ ಹೂವಿನ ರುಮಾಲು ಕಟ್ಟಿದ ಹೆಂಗಸು ನೀಲಿ ಡ್ರಮ್ಮಿನಿಂದ ಬಕೆಟಿಗೆ, ಬಕೆಟಿನಿಂದ ಬಟ್ಟೆ ಕಟ್ಟಿದ ಲಾಳಿಕೆಗೆ ಸುರಿದಳು. ಹಳೆಯ ವಾರ್ನಿಶ್‌ನ ವಾಸನೆ. “ಎಷ್ಟನೇ ನಂಬರ್?” ಎಂದು ಪ್ರಾಜಕ್ತಾಳಿಂದ ಕೇಳಿಸಿದೆ. ಎಂಬತ್ತು ಎಂದಳು. ನಮ್ಮ ಪಂಪುಗಳಲ್ಲಿ ತೊಂಬತ್ತೊಂದಕ್ಕಿಂತ ಕೆಳಗಿನದು ಮಾರುವುದೇ ಇಲ್ಲ.

ಈ ನಂಬರ್ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಆಕ್ಟೇನ್ ಎಂದರೆ ಪೆಟ್ರೋಲಿನ ತಾಳ್ಮೆ. ಎಂಜಿನ್ನಿನೊಳಗೆ ಪೆಟ್ರೋಲು ಮತ್ತು ಗಾಳಿಯನ್ನು ಅದುಮಿ ಕಿಡಿ ಕೊಡುತ್ತಾರೆ. ಒಳ್ಳೆಯ ಪೆಟ್ರೋಲು ಕಿಡಿಯ ಬೆಂಕಿ ತನ್ನ ತನಕ ಬರುವವರೆಗೆ ಕಾಯುತ್ತದೆ. ನಂಬರ್ ಕಡಿಮೆ ಇದ್ದದ್ದು ಕಾಯುವುದಿಲ್ಲ. ಅದುಮಿದ ಬಿಸಿಗೇ ತಾನಾಗಿ ಸಿಡಿದು ಪಿಸ್ಟನ್ನನ್ನು ಬಡಿಯುತ್ತದೆ. ಟಿಣ್ ಟಿಣ್ ಎಂದು ಕೇಳುತ್ತದೆ, ನಾವು ನಾಕಿಂಗ್ ಎನ್ನುತ್ತೇವೆ. ಬಿಟ್ಟರೆ ಪಿಸ್ಟನ್ನೇ ತೂತು. ತಾಳಿದವನು ಬಾಳಿಯಾನು ಎಂಬುದು ಪೆಟ್ರೋಲಿಗೂ ಸಲ್ಲುವ ಮಾತು.

ಆ ಹೆಂಗಸು ನನ್ನ ಮುಖ ನೋಡಿ ನಕ್ಕಳು. ಪ್ರಾಜಕ್ತಾ ಹೇಳಿದಳು: “ಮಾಮಾ, ಇವರೇನಂತಾರ ಅಂದ್ರ, ಮ್ಯಾಲೆ ಎಲ್ಲಾ ನಡೀತದ, ಕೆಳಗಿನ ಗಾಳಿ ಲೆಕ್ಕಾ ಕೇಳತದಂತ.”

ಲೆಕ್ಕ ಸರಿಯಾಗಿಯೇ ಇತ್ತು. ಮೇಲೆ ಗಾಳಿ ತೆಳು, ಅದುಮುವುದು ಕಡಿಮೆ, ತಾಳ್ಮೆಯಿಲ್ಲದ ಪೆಟ್ರೋಲೂ ಸಿಡಿಯದೆ ಸುಮ್ಮನಿರುತ್ತದೆ. ಅಲ್ಲಿನ ಡ್ರೈವರುಗಳು ಮೇಲೆ ತಿರುಗಾಡಲು ಇದನ್ನೇ ಹಾಕಿಕೊಂಡು, ಕೆಳಗಿಳಿದಾಗ ಗುಲ್ಚಾದ ಪಂಪಿನಲ್ಲಿ ಒಳ್ಳೆಯದನ್ನು ತುಂಬಿಸಿ ಬೆರೆಸಿಬಿಡುತ್ತಾರೆ. ಎರ್ಮೆಕ್ ಕೂಡ ಹಾಗೇ ಮಾಡುವವನು.

ಆದರೂ ನಾನು ಕಿಟಕಿ ಇಳಿಸಿ, ತಲೆ ಹೊರಹಾಕಿ ಹತ್ತು ಮೈಲಿ ಕೇಳುತ್ತ ಹೋದೆ. ಏರಿನಲ್ಲಿ ಎರ್ಮೆಕ್ ಒತ್ತಿ ಹಿಡಿದಾಗಲೂ ಒಂದು ಟಿಣ್ ಇಲ್ಲ. ಅಂಥ ಕೊಳಕು ಕುಡಿದೂ ಎಂಜಿನ್ ಮೌನ. ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಮೈ ಜುಮ್ಮೆಂದಿತು. ನೋವಾದಲ್ಲಿ ಅಳದ ಮಗುವನ್ನು ಕಂಡರೆ ತಾಯಿಗೆ ಹೇಗಾಗುತ್ತದೋ ಹಾಗೆ.

ಕೆರೆಯ ದಂಡೆ

ಮರುದಿನ ಬೆಳಿಗ್ಗೆಯೇ ಇನ್ನೂ ಮೇಲೆ, ಹಿಮದ ಗೋಡೆಯ ಬುಡದಲ್ಲಿ ಒಂದು ಸಣ್ಣ ಕೆರೆಯ ಹತ್ತಿರ ಉಣ್ಣೆಯ ಗುಡಾರದಲ್ಲಿ ಇಳಿದೆವು. ಶಕುಂತಲಾ ಪುಣೆಯಿಂದ ತೊಗರಿಬೇಳೆ ತಂದಿದ್ದಳು. ಬೆಳಿಗ್ಗೆ ಇಟ್ಟ ಬೇಳೆ ಮಧ್ಯಾಹ್ನವಾದರೂ ಬೇಯಲಿಲ್ಲ. ನೀರು ಕುದಿಯುತ್ತಿತ್ತು, ಕೊತಕೊತ ಎನ್ನುತ್ತಿತ್ತು, ಬೇಳೆ ಮಾತ್ರ ಕಲ್ಲು. ಕುದಿಯುವ ಚಹಾವನ್ನು ಊದದೆ ಕುಡಿಯಬಹುದಿತ್ತು. “ಇಲ್ಲಿ ಬೆಂಕಿಗೂ ಜೀವ ಇಲ್ಲರೀ” ಎಂದಳು ಅವಳು.

ಸದ್ದುಗಳೂ ಹಾಗೇ ಇದ್ದವು. ಕೆರೆಯ ಆಚೆ ದಂಡೆಯಲ್ಲಿ ಒಬ್ಬ ಕುದುರೆಗೆ ಗೂಟ ಬಡಿಯುತ್ತಿದ್ದ. ಅವನ ಕೈ ಇಳಿದು ಮತ್ತೆ ಮೇಲೆ ಹೋದ ಮೇಲೆ ನಮಗೆ ಪೆಟ್ಟು ಕೇಳುತ್ತಿತ್ತು. ಅವನು ಸುತ್ತಿಗೆ ಕೆಳಗಿಟ್ಟು ನಡೆದುಹೋಗುವಾಗ ಇನ್ನೊಂದು ಪೆಟ್ಟು ಬಂತು. ದೂರಕ್ಕೆ ಸದ್ದು ತಡವಾಗಿ ಬರುತ್ತದೆಂದು ನನಗೂ ಗೊತ್ತು. ಗೊತ್ತಿದ್ದರೂ ನಾನು ತಿರುಗಿ ಹಿಂದೆ ನೋಡಿದೆ.

ಅಂದು ಮಧ್ಯಾಹ್ನ ನಾನೊಂದು ಕೆಲಸ ಮಾಡಿದೆ. ಎರ್ಮೆಕ್ ಕುರುಬರ ಜೊತೆ ನಮಾಜಿಗೆ ಹೋಗಿದ್ದ. ಗಾಡಿ ಎದುರಿಗೇ ನಿಂತಿತ್ತು. ಆ ಎಂಜಿನ್ನಿನ ಏದುಸಿರು ನನಗೆ ಎರಡು ದಿನದಿಂದ ಸಹಿಸಲಾಗಿರಲಿಲ್ಲ. ಗಾಳಿ ತೆಳುವಾದಲ್ಲಿ ಬೆಂಕಿ ನಿಧಾನವಾಗಿ ಹರಡುತ್ತದೆ. ಕಿಡಿಯನ್ನು ಸ್ವಲ್ಪ ಬೇಗ ಕೊಟ್ಟರೆ ಬಲ ಮರಳುತ್ತದೆ. ಅದಕ್ಕೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ತಿರುಗಿಸಬೇಕು, ಅಷ್ಟೇ. ಎರ್ಮೆಕ್‌ನ ಡಬ್ಬಿಯಿಂದ ಪಾನಾ ತೆಗೆದು ಬೋಲ್ಟ್ ಸಡಿಲಿಸಿ, ಉಗುರಿನಗಲ ತಿರುಗಿಸಿ, ಬಿಗಿದು, ಬಾನೆಟ್ ಇಳಿಸಿ, ಕೈ ಒರೆಸಿಕೊಂಡು ಬಂದು ಚಹಾ ಕುಡಿದೆ. ಯಾರಿಗೂ ಹೇಳಲಿಲ್ಲ. ಕೇಳದೆ ಇನ್ನೊಬ್ಬರ ಎಂಜಿನ್ ಮುಟ್ಟಬಾರದೆಂದು ನನ್ನ ಗ್ಯಾರೇಜಿನಲ್ಲಿ ನಾನೇ ಎಲ್ಲರಿಗೂ ಬೈಯುತ್ತೇನೆ. ಕೆಳಗಿನ ದಟ್ಟ ಗಾಳಿಯಲ್ಲಿ ಬೇಗ ಕೊಟ್ಟ ಕಿಡಿಯೂ ಪಿಸ್ಟನ್ನನ್ನು ಬಡಿಸುತ್ತದೆ, ಇಳಿಯುವ ಮುನ್ನ ತಿರುಗಿ ಮೊದಲಿನಂತೆ ಮಾಡಿದರಾಯಿತು ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ನೀರು ತರಲು ಗಾಡಿ ಹೊಡೆದ ಎರ್ಮೆಕ್ ಹುಬ್ಬೇರಿಸಿ, ನಕ್ಕು, ಬಾನೆಟ್ ತಟ್ಟಿದ. “ಮುದುಕಿಗೆ ಪ್ರಾಯ ಬಂತು ಅಂತಾರ” ಎಂದಳು ಪ್ರಾಜಕ್ತಾ. ನಾನು ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದೆ.

ಆದರೆ ಶಕುಂತಲಾಗೆ ಹಿಂದಿನ ದಿನದಿಂದ ತಲೆನೋವಿತ್ತು. “ಭಾಳೇನಿಲ್ಲ ಬಿಡ್ರಿ” ಎಂದು ಮುಚ್ಚಿಟ್ಟಿದ್ದಳು. ಮಧ್ಯಾಹ್ನ ಮಲಗಿದಳು. ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಉಸಿರು ಬಂತು, ಹೋಯಿತು, ಬಂತು, ಹೋಯಿತು, ನಿಂತಿತು. ನಾನು ಎಣಿಸಿದೆ. ಹತ್ತಕ್ಕೆ ಬಂದರೂ ಇಲ್ಲ. ಆಮೇಲೆ ಮುಳುಗಿದವಳು ಎದ್ದಂತೆ ದೊಡ್ಡದಾಗಿ ಎಳೆದುಕೊಂಡಳು. ಮತ್ತೆ ಹಾಗೇ. “ಮಾಮಾ, ಎತ್ತರದಾಗ ಭಾಳ ಮಂದಿಗೆ ನಿದ್ದ್ಯಾಗ ಹಿಂಗ ಆಗ್ತದ” ಎಂದು ಪ್ರಾಜಕ್ತಾ ಹೇಳಿದಳು. ಹೇಳುವಾಗ ಅವಳೂ ಎಣಿಸುತ್ತಿದ್ದಳು.

ಶಕುಂತಲಾ ಎದ್ದು ಕೂತಳು. ಕಣ್ಣು ಸ್ವಚ್ಛವಾಗಿತ್ತು. “ಸ್ವಲ್ಪ ಸರೀರಿ” ಎಂದಳು ನನಗೆ. “ಯಾಕ?” ಎಂದೆ.

“ಅವ್ವಗ ಕೂಡ್ಲಿಕ್ಕೆ ಜಾಗಾ ಬೇಕಲ್ಲ.”

ಪಕ್ಕದ ಹಾಸನ್ನು ಕೈಯಿಂದ ಸವರಿ ಸರಿಮಾಡಿದಳು. ಬಾಗಿಲ ಕಡೆ ನೋಡಿ, “ಹ್ಞಾಂ ಅವ್ವಾ, ಬಂದ್ಯಾ? ಇಲ್ಲಿ ಬಾ” ಎಂದಳು. ನಮ್ಮ ಅತ್ತೆ ತೀರಿಕೊಂಡು ವರ್ಷಗಳಾಗಿವೆ. ನಾನೇ ಹೆಗಲು ಕೊಟ್ಟವನು. ಬಾಗಿಲಲ್ಲಿ ಬಿಳಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಸರಿದೆ.

ಪ್ರಾಜಕ್ತಾ ಅವಳನ್ನು ಎಬ್ಬಿಸಿ ನೆಲದ ಮೇಲೆ ಒಂದು ಹಗ್ಗ ಹಾಸಿ ಅದರ ಗುಂಟ ನಡೆಯಲು ಹೇಳಿದಳು. ಮೂರನೇ ಹೆಜ್ಜೆಗೆ ಶಕುಂತಲಾ ಕುಡಿದವರಂತೆ ಓಲಾಡಿದಳು. ಹುಡುಗಿಯ ಮುಖದ ಬಣ್ಣ ಹೋಯಿತು. ನನ್ನನ್ನು ಹೊರಗೆ ಕರೆದು ಹೇಳಿದಳು: “ಮಾಮಾ, ಇದು ಬರೇ ತಲಿನೋವಲ್ಲ. ಮಿದುಳಿಗೆ ಬಾವು ಬರ್ಲಿಕತ್ತದ. ಗುಳಿಗಿ ಕೊಡ್ತೀನಿ, ಆದ್ರ ಖರೇ ಔಷಧ ಒಂದ. ಕೆಳಗ ಇಳಿಯೂದು. ಈಗಿಂದೀಗ. ದಾರ್‍ಯಾಗ ಇಲ್ಲದ್ದು ಕಾಣೂದು, ಇಲ್ಲದ್ದು ಕೇಳೂದು ಹೆಚ್ಚಾತಂದ್ರ ಕೈಮೀರ್ತು ಅಂತ ತಿಳಕೋರಿ.”

ಹತ್ತು ನಿಮಿಷದಲ್ಲಿ ಹೊರಟೆವು. ಸಾಮಾನು ಅರ್ಧ ಅಲ್ಲೇ ಉಳಿಯಿತು. ಡಿಸ್ಟ್ರಿಬ್ಯೂಟರ್ ನನ್ನ ನೆನಪಿನಿಂದಲೇ ಬಿದ್ದುಹೋಯಿತು.

ಇಳಿಜಾರು

ಎರ್ಮೆಕ್‌ನ ಪಕ್ಕ ಪ್ರಾಜಕ್ತಾ, ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಶಕುಂತಲಾಳ ತಲೆ. ಕಣಿವೆ ದಾಟಿ ದೊಡ್ಡ ಘಾಟು ಇಳಿಯತೊಡಗಿದಾಗ ನನ್ನ ಎರಡೂ ಕಿವಿ ಮುಚ್ಚಿಕೊಂಡವು. ಕೆರೆಯ ಗಾಳಿಗೆ ನೆಗಡಿ ಹಿಡಿದಿತ್ತು. ಮೂಗು ಹಿಡಿದು ಊದಿದೆ, ಉಗುಳು ನುಂಗಿದೆ, ಆಕಳಿಸಿದೆ. ಬಿಡಲಿಲ್ಲ. ಎಂಜಿನ್ನಿನ ಸದ್ದು ಪಕ್ಕದ ಮನೆಯ ಮಿಕ್ಸರಿನಂತೆ ದೂರದಿಂದ ಬರುತ್ತಿತ್ತು. ಮುಂದೆ ಕೂತವರ ಮಾತು ಕೇಳಬೇಕೆಂದರೆ ನಾನು ಮುಂದಕ್ಕೆ ಬಗ್ಗಬೇಕಿತ್ತು.

ಕೆಳಗಿಳಿದಂತೆ ಶಕುಂತಲಾಳ ತುಟಿಗೆ ಬಣ್ಣ ಬಂತು. ಕೈ ಬೆಚ್ಚಗಾಯಿತು. ಬದುಕಿದೆವು ಅಂದುಕೊಂಡೆ. ಅಷ್ಟರಲ್ಲಿ ಅವಳು ಕಣ್ಣು ತೆರೆದು ನನ್ನ ಅಂಗಿ ಹಿಡಿದೆಳೆದಳು.

“ಯಾರೋ ಬಡೀಲಿಕತ್ತಾರ್ರೀ.”

“ಯಾರು? ಎಲ್ಲಿ?”

“ಗೊತ್ತಿಲ್ಲ. ಒಳಗಿಂದ. ಕಬ್ಬಿಣದ ಪೆಟಿಗ್ಯಾಗ ಯಾರನ್ನೋ ಹಾಕಿ ಮುಚ್ಚಿದ್ಹಂಗ. ಅಕ್ಕಸಾಲಿಗ ಸಣ್ಣ ಸುತ್ತಿಗಿ ಬಡದ್ಹಂಗ.”

ನಾನು ಉಸಿರು ಬಿಗಿಹಿಡಿದು ಕೇಳಿದೆ. ನನಗೇನೂ ಕೇಳಲಿಲ್ಲ. ನನಗೆ ಕೇಳದ ಸದ್ದು ಗಾಡಿಯಲ್ಲಿ ಇರುವುದುಂಟೇ! ಇದು ಕಾಯಿಲೆಯದೇ ಆಟ ಅಂದುಕೊಂಡೆ. ಪ್ರಾಜಕ್ತಾಳ ಭುಜ ತಟ್ಟಿದೆ. ಅವಳು ಹಿಂದೆ ತಿರುಗಿ ಪರೀಕ್ಷೆ ಶುರುಮಾಡಿದಳು.

“ಅತ್ತಿ, ನಿಮ್ಮ ಹೆಸರೇನು?”

“ಏ ಹುಚ್ಚಿ, ನನ್ನ ಹೆಸರು ನಿನಗ ಗೊತ್ತಿಲ್ಲೇನು?”

“ಅಜ್ಜಿ ಎಲ್ಲಿ ಅದಾಳ?”

ಶಕುಂತಲಾ ನನ್ನ ತೊಡೆಯಿಂದ ತಲೆ ಎತ್ತಿದಳು. “ಅವ್ವ ಸತ್ತು ಎಷ್ಟು ವರ್ಷ ಆತು. ಮ್ಯಾಲೆ ನನಗ ಬಂದ್ಹಂಗ ಕಂಡಿತ್ತು. ಈಗಿಲ್ಲ” ಎಂದಳು. ಆಮೇಲೆ, “ಆದ್ರ ಬಡಿಯೂದು ಖರೇನ ಕೇಳಸ್ತದ. ನಿನಗ ಕೇಳಸೂದಿಲ್ಲೇನು?”

“ಹಳೀ ಗಾಡಿ ಅತ್ತಿ, ನೂರಾ ಎಂಟ ಸಪ್ಪಳ ಇರ್ತಾವ. ರಸ್ತಾದ ಕಲ್ಲು ಸಿಡೀತಾವ” ಎಂದು ಅವಳಿಗೆ ಸಮಾಧಾನ ಹೇಳಿ, ನನ್ನ ಕಡೆ ಬಗ್ಗಿ, ತುಟಿ ನನ್ನ ಕಿವಿಗೆ ತಾಗಿಸಿ ಹೇಳಿದಳು: “ಮಾಮಾ, ಕೆಳಗ ಬಂದ ಮ್ಯಾಲೂ ಕೇಳಸ್ತದ ಅಂದ್ರ ಛಲೋ ಅಲ್ಲ.”

ಎರ್ಮೆಕ್‌ಗೆ ರಷ್ಯನ್‌ನಲ್ಲಿ ಏನೋ ಅಂದಳು. “ಬಿಸ್ತ್ರೊ, ಬಿಸ್ತ್ರೊ” ಎನ್ನುವುದಷ್ಟು ನನಗೆ ತಿಳಿಯಿತು, ಬೇಗ ಎಂದು. ಅವನು ತಲೆಯಾಡಿಸಿ ಒತ್ತಿದ.

“ಈಗ ಜೋರಾತು” ಎಂದಳು ಶಕುಂತಲಾ.

ಆಮೇಲಿನ ಒಂದು ಗಂಟೆ ಹೀಗೇ ನಡೆಯಿತು. ಅವಳು ಬಡಿತ ಎಂದಾಗಲೆಲ್ಲ ನಾವು ಬೇಗ ಎಂದೆವು. ನಾವು ಬೇಗ ಎಂದಾಗಲೆಲ್ಲ ಅವನು ಒತ್ತಿದ. ಅವನು ಒತ್ತಿದಾಗಲೆಲ್ಲ ಅವಳಿಗೆ ಬಡಿತ ಹೆಚ್ಚಾಯಿತು. ನಾನು ಅವಳ ಕೈ ಹಿಡಿದುಕೊಂಡು, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದೆ. ಇಷ್ಟು ದಿನ ನನ್ನ ಜೊತೆ ಬಾಳಿದವಳು ನನಗೆ ಕೇಳದ ಯಾವುದೋ ಕಡೆಗೆ ಕಿವಿಗೊಟ್ಟು ಮಲಗಿದ್ದಾಳೆ, ಅಲ್ಲಿಂದ ಯಾರೋ ಅವಳನ್ನು ಕರೆಯುತ್ತಿದ್ದಾರೆ ಎಂದೇ ನನಗನಿಸಿತ್ತು. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಗುಲ್ಚಾ ಬಂತು. ಪಂಪಿನ ಮುಂದೆ ಲಾರಿಗಳ ಉದ್ದ ಸಾಲು. ಎರ್ಮೆಕ್ ಪಂಪಿನ ಕಡೆ ನೋಡಿದ, ಕನ್ನಡಿಯಲ್ಲಿ ಶಕುಂತಲಾಳನ್ನು ನೋಡಿದ, ಗಾಡಿ ನಿಲ್ಲಿಸಲಿಲ್ಲ.

ಕೊನೆಯ ಘಾಟು

ಓಶ್ ಮುಟ್ಟುವ ಮೊದಲು ಆ ಸಣ್ಣ ಘಾಟೊಂದು ಉಳಿದಿತ್ತು. ಹೋಗುವಾಗ ಅದನ್ನು ಲೆಕ್ಕಕ್ಕೇ ತಂದಿರಲಿಲ್ಲ. ಸೂರ್ಯ ಇಳಿಯುತ್ತಿದ್ದ, ಗುಡ್ಡದ ಹುಲ್ಲೆಲ್ಲ ತಾಮ್ರದ ಬಣ್ಣ. ಏರು ಶುರುವಾಗುತ್ತಲೇ ಎರ್ಮೆಕ್ ಒಂದು ವಿಚಿತ್ರ ಮಾಡಿದ. ಆಗಸ್ಟ್ ತಿಂಗಳ ಸೆಕೆಯಲ್ಲಿ ಗಾಡಿಯೊಳಗಿನ ಹೀಟರ್ ಪೂರ್ತಿ ಬಿಟ್ಟ. ಬಿಸಿಗಾಳಿ ಮುಖಕ್ಕೆ ರಾಚಿತು. ಪಾಪ, ಇವಳಿಗೆ ಚಳಿಯಾದೀತೆಂದು ಹಾಕಿದ್ದಾನೆ ಅಂದುಕೊಂಡು ನನಗೆ ಕಣ್ಣು ತುಂಬಿ ಬಂತು. ಎಂಜಿನ್ ಕಾದು ಕೈಮೀರುವಾಗ ಬಿಸಿಯನ್ನು ಸ್ವಲ್ಪವಾದರೂ ಎಳೆದುಹಾಕಲು ಹೀಟರ್ ಬಿಡುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಉಪಾಯ. ನನ್ನ ಕೈಕೆಳಗಿನ ಹುಡುಗರಿಗೆ ಮೊದಲ ವಾರದಲ್ಲೇ ಹೇಳಿಕೊಡುತ್ತೇನೆ. ಅಂದು ನನ್ನ ತಲೆಗೆ ಹೊಳೆಯಲಿಲ್ಲ.

ಎರ್ಮೆಕ್‌ನ ಕುತ್ತಿಗೆಯ ಮೇಲೆ ಬೆವರು ಹರಿಯುತ್ತಿತ್ತು. ಅವನು ರಸ್ತೆ ನೋಡುವುದಕ್ಕಿಂತ ಬಿಸಿಯ ಮುಳ್ಳನ್ನು ಹೆಚ್ಚು ನೋಡುತ್ತಿದ್ದ. ಆದರೂ ಒತ್ತಿದ ಕಾಲು ತೆಗೆಯಲಿಲ್ಲ.

ಶಕುಂತಲಾ ಎದ್ದು ಕೂತಿದ್ದಳು. “ಕೇಳ್ರಿ, ನಿಲ್ಲಸಲಿಕ್ಕೆ ಹೇಳ್ರಿ” ಎಂದಳು. “ಇದು ಒಡದು ಹೊರಗ ಬರ್ತದ ಈಗ.”

“ಶಕ್ಕೂ, ಏನೂ ಇಲ್ಲ. ಏನೂ ಬಡಿಯೂದಿಲ್ಲ. ನನ್ನ ಕಡೆ ನೋಡು” ಎಂದೆ.

ಅವಳು ನೋಡಿದಳು. ಆ ನೋಟ ಹುಚ್ಚರದಲ್ಲ, ಸತ್ತುಹೋಗುವವರದೂ ಅಲ್ಲ. ಬಾಗಿಲು ತಟ್ಟಿ ತಟ್ಟಿ ದಣಿದವರದು. ನಾನು ಆ ನೋಟವನ್ನೂ ಕಾಯಿಲೆಯ ಲೆಕ್ಕಕ್ಕೇ ಹಾಕಿದೆ.

ಘಾಟಿನ ನೆತ್ತಿ ಕಾಣುತ್ತಿತ್ತು. ಕಾಲ ಕೆಳಗೆ ಒಂದು ಪೆಟ್ಟು ಬಿತ್ತು. ನಾನದನ್ನು ಕೇಳಲಿಲ್ಲ, ಬೆನ್ನುಮೂಳೆಯಲ್ಲಿ ತಿಳಿಯಿತು. ಗಾಡಿ ಜಗ್ಗಿತು, ಹಿಂದಿನ ಗಾಜಿನ ತುಂಬ ನೀಲಿ ಹೊಗೆ. ಎರ್ಮೆಕ್ ಅದನ್ನು ರಸ್ತೆಯ ಅಂಚಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದ.

ಆ ಹೊತ್ತಿಗೆ ನಾನು ಒಮ್ಮೆ ಗಟ್ಟಿಯಾಗಿ ನುಂಗಿರಬೇಕು. ಎರಡೂ ಕಿವಿ ಪಟ್ ಎಂದು ತೆರೆದವು. ಇಡೀ ಜಗತ್ತು ಒಮ್ಮೆಲೇ ಒಳಗೆ ಬಂತು. ಹುಲ್ಲಿನ ಮೇಲಿನ ಗಾಳಿ, ಎಲ್ಲೋ ಒಂದು ಕುರಿಯ ಗಂಟೆ, ಬಿಸಿ ಎಣ್ಣೆ ರಸ್ತೆಯ ಮೇಲೆ ತೊಟ್ಟಿಕ್ಕುವುದು, ಕಾದ ಕಬ್ಬಿಣ ತಣಿಯುತ್ತ ಚಟಗುಟ್ಟುವುದು. ಇವೆಲ್ಲದರ ನಡುವೆ ನನ್ನ ಹೆಂಡತಿಯ ಶಾಂತವಾದ ದನಿ.

“ನಿಂತಿತು ನೋಡ್ರಿ.”

ನನಗೆ ಆಗ ತಿಳಿಯಿತು. ಅಕ್ಕಸಾಲಿಗನ ಸಣ್ಣ ಸುತ್ತಿಗೆ. ಕಬ್ಬಿಣದ ಪೆಟ್ಟಿಗೆಯೊಳಗಿನ ಬಡಿತ. ನನ್ನ ಜನ್ಮದಲ್ಲಿ ಯಾವ ಗಿರಾಕಿಯೂ ನಾಕಿಂಗನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ. ಎಂಬತ್ತರ ಪೆಟ್ರೋಲು, ಕೆಳಗಿನ ದಟ್ಟ ಗಾಳಿ, ಸಾಲದೆಂದು ನಾನು ಬೇಗ ಬರುವಂತೆ ತಿರುಗಿಸಿಟ್ಟ ಕಿಡಿ. ಮೇಲೆ ಅವಳು ಇಲ್ಲದವರನ್ನು ಕರೆದಾಗ ನಾನು ಸರಿದು ಜಾಗ ಕೊಟ್ಟಿದ್ದೆ. ಇಲ್ಲಿ ಇದ್ದದ್ದನ್ನು ಹೇಳಿದಾಗ ನಂಬಲಿಲ್ಲ.

ಕಲ್ಲಂಗಡಿ ತುಂಬಿದ ಲಾರಿಯೊಂದು ಬಂತು. ಎರ್ಮೆಕ್ ನಮ್ಮನ್ನು ಅದರಲ್ಲಿ ಹತ್ತಿಸಿ ತಾನು ಗಾಡಿಯ ಹತ್ತಿರ ಉಳಿದ. ಆಸ್ಪತ್ರೆಯಲ್ಲಿ ಬೆಳಕು ಬಿಟ್ಟು ಕಣ್ಣು ನೋಡಿದರು, ನಡೆಸಿ ನೋಡಿದರು. ಬಾವು ಇಳಿಯುತ್ತಿದೆ, ಹುಷಾರಾಗಿದ್ದಾರೆ ಎಂದರು. ಯಾವಾಗಿನಿಂದ ಹುಷಾರಾದರು ಎಂದು ನಾನು ಕೇಳಿಸಿದೆ. ಅರ್ಧ ದಾರಿ ಇಳಿಯುವಷ್ಟರಲ್ಲೇ ತಲೆ ತಿಳಿಯಾಗಿರಬೇಕು ಎಂದರು. ಶಕುಂತಲಾ ಬಿಳಿ ಅನ್ನ ಸಿಗುತ್ತದೆಯೇ ಎಂದು ಕೇಳಿದಳು.

ಓಶ್, ಎರ್ಮೆಕ್‌ನ ಮನೆ

ನಾವು ಹಿಂದಿರುಗುವ ದಿನ ಮುಂದೂಡಿದೆವು. ಎರ್ಮೆಕ್‌ನ ಮನೆಯ ಹಿಂದೆ ತಗಡಿನ ಶೆಡ್ಡು. ಗಾಡಿಯನ್ನು ಎಳೆಸಿ ತಂದಿದ್ದರು. ಇಬ್ಬರೂ ಸೇರಿ ಎಂಜಿನ್ ಬಿಚ್ಚಿದೆವು. ಮೂರನೇ ಪಿಸ್ಟನ್ನಿನ ತಲೆಯಲ್ಲಿ ತೂತು, ಹೆಬ್ಬೆರಳು ಹೋಗುವಷ್ಟು. ಅಂಚು ಬೆಲ್ಲ ಕರಗಿದಂತೆ ಕರಗಿತ್ತು. ಸಿಲಿಂಡರಿನ ಗೋಡೆಯೂ ಗೀಚಿ ಹೋಗಿತ್ತು.

ಎರ್ಮೆಕ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಚಹಾ ಹಿಡಿದು ಕೂತಿದ್ದ ಶಕುಂತಲಾಳ ಮುಂದೆ ಬಂದು, ಎದೆಯ ಮೇಲೆ ಕೈಯಿಟ್ಟು ಬಗ್ಗಿ ಏನೋ ಹೇಳಿದ.

“ಕ್ಷಮಾ ಕೇಳ್ಲಿಕತ್ತಾರ ಅತ್ತಿ” ಎಂದಳು ಪ್ರಾಜಕ್ತಾ. “ಕೆಟ್ಟ ಪೆಟ್ರೋಲ್ ಹಾಕಿದ್ದು ನನ್ನ ತಪ್ಪು. ಜಡ್ಡಾದವರನ್ನ ಕೂಡ್ರಿಸ್ಕೊಂಡು ರಸ್ತಾದಾಗ ಬಿಟ್ಟೆ, ನನಗ ನಾಚಿಕಿ ಆಗೇದ ಅಂತಾರ.”

ನಾನು ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ. ಕೆಟ್ಟ ಪೆಟ್ರೋಲು ಒಂದೇ ಕಾರಣವಾಗಿದ್ದರೆ ಎಂಜಿನ್ ಗೊಣಗುತ್ತ ಓಶ್ ಮುಟ್ಟುತ್ತಿತ್ತೇನೋ.

“ಪ್ರಾಜೂ, ಅವರಿಗೆ ಹೇಳು. ಮ್ಯಾಲೆ ಡಿಸ್ಟ್ರಿಬ್ಯೂಟರ್ ತಿರುಗಿಸಿದಾಂವ ನಾನು. ಕೇಳದ ತಿರುಗಿಸಿದೆ.”

ಹುಡುಗಿ ನನ್ನ ಮುಖ ನೋಡಿದಳು. “ಮಾಮಾ, ಅವರಿಗೆ ಗೊತ್ತಿಲ್ಲ. ಹೇಳಬೇಕೇನು?”

“ಹೇಳವ್ವಾ” ಎಂದಳು ಶಕುಂತಲಾ.

ಹೇಳಿದಳು. ನಾನು ಬಿಚ್ಚಿಟ್ಟಿದ್ದ ಡಿಸ್ಟ್ರಿಬ್ಯೂಟರನ್ನು ಎತ್ತಿ ಎಷ್ಟು ತಿರುಗಿಸಿದೆನೆಂದು ಉಗುರಿನಿಂದ ತೋರಿಸಿದೆ. ಎರ್ಮೆಕ್ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಎರಡೇ ಶಬ್ದ ಅಂದ.

“ಏನಂದ್ರು?”

“ಅದನ್ನ ನಾ ಹೇಳೂದಿಲ್ಲ. ಬೈದ್ರು. ಬೈಸ್ಕೋರಿ.”

ಬೈಸಿಕೊಂಡೆ. ಹೊಸ ಪಿಸ್ಟನ್ ಎಲ್ಲಿದ್ದರೂ ತರಿಸುತ್ತೇನೆ, ಎಂಜಿನ್ ಕಟ್ಟಿ ನಡೆಸಿ ತೋರಿಸಿಯೇ ವಿಮಾನ ಹತ್ತುತ್ತೇನೆ ಎಂದು ಹೇಳಿಸಿದೆ. ಅವನು ತಲೆಯಾಡಿಸಿದ. ಚಹಾದ ಬಟ್ಟಲು ಕೈಗೆತ್ತಿಕೊಂಡು ಒಂದು ಪ್ರಶ್ನೆ ಕೇಳಿದ: ಗುಲ್ಚಾಕ್ಕಿಂತ ಮೊದಲಿನಿಂದಲೇ ಎಂಜಿನ್ ಬಡಿಯುತ್ತಿತ್ತು, ನನಗೆ ಪ್ರತಿಯೊಂದು ಪೆಟ್ಟೂ ಕೇಳುತ್ತಿತ್ತು, ನಿನ್ನ ಹೆಂಡತಿಯ ಜೀವಕ್ಕಾಗಿ ನಿಲ್ಲಿಸದೆ ಹೊಡೆದೆ, ನೀನು ಮೆಕ್ಯಾನಿಕ್, ನಿನಗೆ ಕೇಳಲಿಲ್ಲವೇ?

ನಾನು ಕಿವಿ ಮುಟ್ಟಿ, ಮುಚ್ಚಿ ತೋರಿಸಿದೆ. ಪ್ರಾಜಕ್ತಾ ತಾನಾಗಿಯೇ ಮುಂದುವರಿದು ಮಾತಾಡಿದಳು. ಅತ್ತೆಗೆ ಕೇಳಿಸುತ್ತಿತ್ತು, ದಾರಿಯುದ್ದ ಹೇಳುತ್ತಲೇ ಇದ್ದರು, ನಾವು ಅದನ್ನು ಭ್ರಮೆ ಅಂದುಕೊಂಡು ನಿಮಗೆ ಬೇಗ ಬೇಗ ಎಂದೆವು ಎಂದು ಹೇಳಿರಬೇಕು. ಎರ್ಮೆಕ್ ಬಟ್ಟಲನ್ನು ಕೆಳಗಿಟ್ಟ. ಶಕುಂತಲಾಳನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ಏನೋ ಹೇಳಿದ. ಹುಡುಗಿ ನೆಲ ನೋಡುತ್ತ ಅದನ್ನು ಕನ್ನಡಕ್ಕೆ ತಂದಳು.

“ಆಕೀಗೆ ಬಡಿತ ಕೇಳಸ್ತದ ಅಂತ ನನಗ ಒಂದು ಮಾತು ಯಾಕ ಹೇಳಲಿಲ್ಲ, ಅಂತಾರ. ಹೇಳಿದ್ರ, ನನಗ ಕೇಳೂದ ಆಕೀಗೂ ಕೇಳಸ್ತದ, ಆಕಿ ಹುಷಾರ ಆಗ್ಯಾಳ ಅಂತ ನನಗ ಗೊತ್ತಾಗ್ತಿತ್ತು. ಗಾಡಿ ಅಲ್ಲೇ ನಿಲ್ಲಸ್ತಿದ್ದೆ, ಅಂತಾರ.”

ಶಕುಂತಲಾ ಬಟ್ಟಲಿನಲ್ಲಿ ಉಳಿದಿದ್ದ ಚಹಾ ಮುಗಿಸಿ ನನ್ನ ಕಡೆ ತಿರುಗಿದಳು. ಸಿಟ್ಟೇನೂ ಇರಲಿಲ್ಲ.

“ನಾ ನಿಮಗ ಹೇಳ್ಕೋತ ಬಂದೆ ನೋಡ್ರಿ” ಎಂದಳು. “ಅವರಿಗೆ ಹೇಳಬೇಕಾಗಿತ್ತು.”